ಮೇನ್‌ಫ್ರೇಮ್ ಸಿಗದಿದ್ದಾಗ ಟ್ರೇಸ್ ಫೈಲನ್ನೇ ಹೋಸ್ಟ್ ಮಾಡಿಕೊಳ್ಳೋದು: ಕರ್ಸರ್ ಬೈಟ್ ಬೇಕಾ, ಬೇಡ್ವಾ?

ಹಸಿರುಪರದೆ: 3270 ಸ್ಕ್ರೀನ್ (ಐಬಿಎಂ ಮೇನ್‌ಫ್ರೇಮ್‌ನ ಟರ್ಮಿನಲ್ ಪರದೆ) ಓದಿ ಕೆಲಸ ಮಾಡೋ ಕ್ಲೈಂಟ್ ಪ್ರೋಗ್ರಾಂ ಟೆಸ್ಟ್ ಮಾಡೋಕೆ ದಿನಾ ಟೆಸ್ಟ್ ರೀಜನ್‌ಗೆ (ಮೇನ್‌ಫ್ರೇಮ್‌ನಲ್ಲಿ ಟೆಸ್ಟಿಗೆ ಅಂತ ಇಟ್ಟ ಜಾಗ) ಕಾಯಬೇಕಾಗಿಲ್ಲ. ಎಕ್ಸ್3270 ಎಮ್ಯುಲೇಟರನ್ನು (ಆ ಟರ್ಮಿನಲ್ ಅನುಕರಿಸೋ ಪ್ರೋಗ್ರಾಂ) ಟ್ರೇಸ್ ಆಯ್ಕೆ ಹಾಕಿ ಓಡಿಸಿ, ಹೋಗಿಬರೋ ಬೈಟೆಲ್ಲ ಫೈಲಿಗೆ ಬರೆಯುತ್ತೆ, ಲಾಗಿನ್‌ನಿಂದ ಲಾಗಾಫ್‌ವರೆಗೆ ಒಂದು ವ್ಯವಹಾರ ಪೂರ್ತಿ ಮುಗಿಸಿ. ಟ್ರೇಸ್ ಫೈಲಿನಲ್ಲಿ '<' ಇರೋ ಸಾಲು ಹೋಸ್ಟ್ ಕಳಿಸಿದ್ದು, '>' ಇರೋದು ಎಮ್ಯುಲೇಟರ್ ಕಳಿಸಿದ್ದು. ಎರಡನ್ನೂ ಎಫ್‌ಎಫ್ ಇಎಫ್ (ರೆಕಾರ್ಡ್ ಮುಗಿಯಿತು ಅನ್ನೋ ಎರಡು ಬೈಟ್, ಹೆಕ್ಸ್‌ನಲ್ಲಿ) ಬಂದಲ್ಲೆಲ್ಲ ಕತ್ತರಿಸಿದರೆ ಒಂದೊಂದು ರೆಕಾರ್ಡ್ ಸಿಗುತ್ತೆ. ಆಮೇಲೆ ಒಂದು ಪುಟ್ಟ ಸರ್ವರ್ ಬರೀರಿ: ಟೆಲ್‌ನೆಟ್ ಮಾತುಕತೆ ಮುಗಿಸಿ ಮೊದಲ ಸ್ಕ್ರೀನ್ ಕಳಿಸಲಿ, ಕ್ಲೈಂಟ್ ರೆಕಾರ್ಡ್ ಬಂದಾಗ ಹಳೇದರ ಜೊತೆ ಹೋಲಿಸಲಿ, ತಾಳೆಯಾದರೆ ಮುಂದಿನದು ಕಳಿಸಲಿ. ಹೋಲಿಸುವಾಗ ಎಐಡಿ ಬೈಟ್ (ಯಾವ ಕೀ ಒತ್ತಿದ್ದು ಅನ್ನೋದು) ಮತ್ತೆ ಫೀಲ್ಡ್ ಡೇಟಾ ಸಾಕು, ಕರ್ಸರ್ ವಿಳಾಸದ ಎರಡು ಬೈಟ್ ಬಿಟ್ಟುಬಿಡಿ. ಎಕ್ಸ್3270 ಸೋರ್ಸ್ ಜೊತೆಗೇ ಬರೋ ಪ್ಲೇಬ್ಯಾಕ್ ಪ್ರೋಗ್ರಾಂ 4001ನೇ ಪೋರ್ಟಿನಲ್ಲಿ ಕಾಯುತ್ತೆ. ಅದು ಕೈಯಾರೆ ಹೆಜ್ಜೆಹೆಜ್ಜೆಯಾಗಿ ನಡೆಸಿ ನೋಡೋಕೆ ಚೆನ್ನ, ತಾನಾಗಿ ಓಡೋ ಟೆಸ್ಟಿಗೆ ಸಾಲಲ್ಲ.

ಬ್ಯಾಚ್‌ವಿಂಡೋ: 'ಫೈಲನ್ನೇ ಹೋಸ್ಟ್' ಅನ್ನೋದೇ ತಪ್ಪು. ಅದು ಹೋಸ್ಟ್ ಅಲ್ಲ, ಸಿನಿಮಾ ರೀಲು. ರೆಕಾರ್ಡ್ ಮಾಡಿದ್ದು ಎ1047 ಖಾತೆ, ಕ್ಲೈಂಟ್ ಎ1048 ಕಳಿಸಿದರೆ ಏನು ಉತ್ತರ ಕೊಡುತ್ತೆ? ಪಿಎಫ್8 (ಮುಂದಿನ ಪುಟ) ಎರಡು ಸಲ, ಪಿಎಫ್7 (ಹಿಂದಿನ ಪುಟ) ಒಂದು ಸಲ ಒತ್ತಿದ್ದು ಟ್ರೇಸ್‌ನಲ್ಲಿದೆ, ಟೆಸ್ಟಿನಲ್ಲಿ ಮೂರು ಸಲ ಪಿಎಫ್8 ಬಂದರೆ? ಹರ್ಕ್ಯುಲಿಸ್ (ಮೇನ್‌ಫ್ರೇಮ್ ಎಮ್ಯುಲೇಟರ್) ಮೇಲೆ ಎಂವಿಎಸ್ 3.8ಜೆ (ಐಬಿಎಂನ ಹಳೇ ಆಪರೇಟಿಂಗ್ ಸಿಸ್ಟಮ್) ಹಾಕಿ, ಅದಕ್ಕೆ ಕಿಕ್ಸ್ ಫಾರ್ ಟಿಎಸ್‌ಒ (ಸ್ಕ್ರೀನ್ ವ್ಯವಹಾರ ನಡೆಸೋ, ಐಬಿಎಂ ಸಿಐಸಿಎಸ್ ಥರದ ಸಾಫ್ಟ್‌ವೇರ್) ಸೇರಿಸಿ. ನಿಜವಾದ ಲಾಜಿಕ್ ಓಡುತ್ತೆ.

ಹಸಿರುಪರದೆ: 'ನಿಜವಾದ ಲಾಜಿಕ್' ಯಾರದ್ದು? ನಿಮ್ಮ ಅಪ್ಲಿಕೇಶನ್‌ಗೆ ಡಿಬಿ2 ಡೇಟಾಬೇಸ್ ಬೇಕು, ಇವತ್ತಿನ ಸಿಐಸಿಎಸ್ ಬೇಕು. ಎಂವಿಎಸ್ 3.8ಜೆ ಮೇಲೆ ಎರಡೂ ಇಲ್ಲ. ಅಲ್ಲಿ ಓಡೋದು ನೀವು ಹೊಸದಾಗಿ ಬರೆದ ಬೇರೆಯದೇ ಪ್ರೋಗ್ರಾಂ. ನನ್ನ ಟ್ರೇಸ್‌ನಲ್ಲಿ ಇರೋದು ಅಸಲಿ ಹೋಸ್ಟ್ ಕಳಿಸಿದ ಅಸಲಿ ಬೈಟುಗಳು.

ಹೊಸಬ_ಲಿನಕ್ಸ್: ಸ್ಕ್ರಿಪ್ಟ್, ಸ್ಕ್ರಿಪ್ಟ್‌ರೀಪ್ಲೇ ಕಮಾಂಡ್‌ಗಳೇ ಇವೆಯಲ್ಲ, ಅಸ್ಕಿನೆಮಾನೂ ಇದೆ. ಇಷ್ಟೆಲ್ಲ ಯಾಕೆ?

ಹಸಿರುಪರದೆ: ಅವು ಪರದೆ ಮೇಲೆ ಬಂದಿದ್ದನ್ನ ತೋರಿಸೋಕೆ. ನೀವು ಏನು ಟೈಪ್ ಮಾಡಿದ್ರಿ ಅಂತ ಕಾದು, ಹೋಲಿಸಿ, ಉತ್ತರ ಕೊಡೋಕಲ್ಲ.

ಕೋಬಾಲ್_ಕಾಕಾ: 'ಎರಡು ಬೈಟ್ ಬಿಟ್ಟುಬಿಡಿ' ಅಂದ್ರಲ್ಲ, ಅಲ್ಲೇ ಎಡವಿದ್ರಿ ನೋಡ್ರಿ. ಲಿಸ್ಟ್ ಸ್ಕ್ರೀನಿನಾಗ ಕರ್ಸರ್ ಇಟ್ಟು ಎಂಟರ್ ಒತ್ತೋ ಪದ್ಧತಿ ಐತಿ. ಸಿಐಸಿಎಸ್ ಪ್ರೋಗ್ರಾಂ ಇಐಬಿಸಿಪಿಒಎಸ್‌ಎನ್ (ಕರ್ಸರ್ ಇದ್ದ ಜಾಗದ ಸಂಖ್ಯೆ) ಓದಿ, 80ರಿಂದ ಭಾಗಿಸಿ, ಯಾವ ಸಾಲು ಅಂತ ತಿಳ್ಕೋತೈತಿ. ಎಂಟನೇ ಸಾಲು ಎರಡನೇ ಕಾಲಂನಾಗ ಎಂಟರ್ ಒತ್ತಿದ್ರ 7ಡಿ ಸಿ8 ಎಫ್1 ಬರ್ತೈತಿ, 7ಡಿ ಎಂಟರಿನ ಎಐಡಿ, ಉಳಿದೆರಡು ಕರ್ಸರ್. ಹನ್ನೆರಡನೇ ಸಾಲಿನಾಗ 7ಡಿ 4ಡಿ ಎಫ್1. ಎರಡು ಬೈಟ್ ತೆಗೆದ್ರ ಎರಡೂ ಬರೀ 7ಡಿ. ನಿಮ್ಮ ಸರ್ವರ್ ಹನ್ನೆರಡನೇ ಸಾಲಿನ ಗ್ರಾಹಕನ್ನ ಕೇಳಿದವಂಗ ಎಂಟನೇ ಸಾಲಿನವನ ವಿವರ ಕೊಡ್ತೈತಿ, ಟೆಸ್ಟ್ ಪಾಸ್ ಅಂತನೂ ಹೇಳ್ತೈತಿ!

ಹಸಿರುಪರದೆ: ಕಾಕಾ, ಎರಡು ಬೈಟ್ ಹೋಲಿಸಿದರೆ ಏನಾಗುತ್ತೆ ಅಂತ ನೋಡಿ. ಐದನೇ ಸಾಲು ಹತ್ತನೇ ಕಾಲಂನ ಫೀಲ್ಡಿಗೆ ಎ1047 ಟೈಪ್ ಮಾಡಿ ಎಂಟರ್ ಒತ್ತಿದರೆ ಬರೋದು: 7ಡಿ ಸಿ5 4ಇ 11 ಸಿ5 ಸಿ9 ಸಿ1 ಎಫ್1 ಎಫ್0 ಎಫ್4 ಎಫ್7 (ಸಿ5 4ಇ ಕರ್ಸರ್, 11 ಸಿ5 ಸಿ9 ಫೀಲ್ಡಿನ ವಿಳಾಸ, ಉಳಿದದ್ದು ಎ1047). ಅದೇ ಡೇಟಾ, ಎಂಟರ್‌ಗೆ ಮುಂಚೆ ಒಂದು ಟ್ಯಾಬ್ ಒತ್ತಿದರೆ ಸಿ5 4ಇ ಬದಲಾಗುತ್ತೆ. ಎಚ್‌ಎಲ್‌ಎಲ್‌ಎಪಿಐ (ಎಮ್ಯುಲೇಟರನ್ನ ಬೇರೆ ಪ್ರೋಗ್ರಾಂನಿಂದ ನಡೆಸೋ ದಾರಿ) ಮೂಲಕ ಫೀಲ್ಡಿಗೆ ಸ್ಟ್ರಿಂಗ್ ಕಾಪಿ ಮಾಡಿದರೆ ಕರ್ಸರ್ ಇದ್ದಲ್ಲೇ ಇರುತ್ತೆ, ಆಗಲೂ ಬದಲು. ಹೋಸ್ಟಿಗೆ ಮೂರೂ ಒಂದೇ. ನಿಮ್ಮ ಕಟ್ಟುನಿಟ್ಟಿನ ಹೋಲಿಕೆಗೆ ಮೂರೂ ಬೇರೆ, ಮೊದಲ ಸ್ಕ್ರೀನಿಗೇ ಟೆಸ್ಟ್ ನಿಂತುಹೋಗುತ್ತೆ.

ಕೋಬಾಲ್_ಕಾಕಾ: 'ಹೋಸ್ಟಿಗೆ ಮೂರೂ ಒಂದೇ' ಅಂತ ಯಾರು ಹೇಳಿದ್ರು? ಹೋಸ್ಟಿನಾಗ ಇಐಬಿಸಿಪಿಒಎಸ್‌ಎನ್ ಮೂರಕ್ಕೂ ಬ್ಯಾರೆ ಬ್ಯಾರೆ. ಒಂದು ಅಂತ ಹೇಳಾಕ ಆ ಪ್ರೋಗ್ರಾಮಿನ ಸೋರ್ಸ್ ನೋಡಿರಬೇಕು. ನೋಡೀರೇನು?

ರಾತ್ರಿಪಾಳಿ: ಕರ್ಸರ್ ಜಗಳದ ನಡುವೆ ಇನ್ನೆರಡು ವಿಷಯ. ಒಂದು, ಟಿಎನ್3270ಇ (ಟೆಲ್‌ನೆಟ್ ಮೇಲೆ 3270 ಕಳಿಸೋ ವಿಸ್ತರಿಸಿದ ವಿಧಾನ) ಇದ್ದರೆ ಪ್ರತಿ ರೆಕಾರ್ಡಿಗೂ ಐದು ಬೈಟ್ ಹೆಡರ್ ಇರುತ್ತೆ. ಹೋಸ್ಟ್ ರೆಸ್ಪಾನ್ಸ್ ಫ್ಲ್ಯಾಗ್ 02 ಇಟ್ಟು ಕಳಿಸಿದರೆ ಕ್ಲೈಂಟ್ ತಾನಾಗೇ 02 ಅನ್ನೋ ಡೇಟಾಟೈಪ್‌ನಲ್ಲಿ, ಅದೇ ಸೀಕ್ವೆನ್ಸ್ ನಂಬರ್ ಹಾಕಿ, ಒಂದು ರೆಸ್ಪಾನ್ಸ್ ಕಳಿಸುತ್ತೆ. ಅದನ್ನ ಬಳಕೆದಾರ ಎಂಟರ್ ಒತ್ತಿದ್ದು ಅಂತ ಎಣಿಸಿದರೆ ಒಂದು ಸ್ಕ್ರೀನ್ ಮುಂದೆ ಓಡಿಬಿಡ್ತೀರಿ. ಎಲ್ಲ ಅದರ ನಿಯಮಪತ್ರ ಆರ್‌ಎಫ್‌ಸಿ 2355ರಲ್ಲಿದೆ. ಇನ್ನೊಂದು, ಟ್ರೇಸ್‌ನಲ್ಲಿ ಪಾಸ್‌ವರ್ಡ್ ಇಬಿಸಿಡಿಕ್‌ನಲ್ಲಿ (ಮೇನ್‌ಫ್ರೇಮ್‌ನ ಅಕ್ಷರ ಸಂಕೇತ) ಹಾಗೇ ಕೂತಿರುತ್ತೆ. ಪರದೆ ಮೇಲೆ ಕಾಣದಿರೋದು ಫೀಲ್ಡಿನ ಗುಣದಿಂದ, ಬೈಟ್‌ಗಳಿಗೆ ಮುಸುಕು ಏನೂ ಇಲ್ಲ. ಫೈಲ್ ಯಾರಿಗಾದರೂ ಕೊಡೋ ಮುಂಚೆ ಬದಲಾಯಿಸಿ. ಉದ್ದ ಬದಲಾದರೂ ಪರವಾಗಿಲ್ಲ, ರೆಕಾರ್ಡಿನಲ್ಲಿ ಉದ್ದದ ಲೆಕ್ಕ ಇಲ್ಲ.

ಬ್ಯಾಚ್‌ವಿಂಡೋ: 'ಉದ್ದದ ಲೆಕ್ಕ ಇಲ್ಲ' ತಪ್ಪು. ಸ್ಟ್ರಕ್ಚರ್ಡ್ ಫೀಲ್ಡ್ ಅನ್ನೋ ಇನ್ನೊಂದು ಬಗೆಯ ಡೇಟಾದಲ್ಲಿ ಮೊದಲ ಎರಡು ಬೈಟೇ ಉದ್ದ. ಟರ್ಮಿನಲ್‌ಗೆ ಏನೇನು ಬರುತ್ತೆ ಅಂತ ಹೋಸ್ಟ್ ಕೇಳೋ ಕ್ವೆರಿಗೆ ಬರೋ, 88ರಿಂದ ಶುರುವಾಗೋ ಉತ್ತರ ಬಿಚ್ಚಿ ನೋಡಿ.

ರಾತ್ರಿಪಾಳಿ: ಪಾಸ್‌ವರ್ಡ್ ಕ್ವೆರಿ ಉತ್ತರದಲ್ಲಿ ಬರಲ್ಲ ಸ್ವಾಮಿ. ನಾನು ಹೇಳಿದ್ದು ಪಾಸ್‌ವರ್ಡ್ ಇರೋ ರೆಕಾರ್ಡಿನ ಬಗ್ಗೆ.

ಹೆಕ್ಸ್‌ಡಂಪ್: ಮತ್ತೆ ಆ ಎರಡು ಬೈಟ್ ವಿಷಯಕ್ಕೆ. ಕ್ಲಿಯರ್ ಕೀ ಒತ್ತಿದರೆ ಬರೋದು 6ಡಿ ಒಂದೇ, ಪಿಎ1 ಕೀಗೆ 6ಸಿ ಒಂದೇ. ಕರ್ಸರ್ ವಿಳಾಸವೇ ಇರಲ್ಲ. ಕಣ್ಣುಮುಚ್ಚಿ ಎರಡು ಬೈಟ್ ಹಾರಿಸೋ ಕೋಡ್ ಆ ರೆಕಾರ್ಡಿನ ಕೊನೆಯ ಎಫ್‌ಎಫ್ ಇಎಫ್ ನುಂಗಿಹಾಕುತ್ತೆ, ಮುಂದಿನ ರೆಕಾರ್ಡ್ ಇದಕ್ಕೆ ಅಂಟಿಕೊಳ್ಳುತ್ತೆ. ಆಮೇಲೆ ಹತ್ತು ಸ್ಕ್ರೀನ್ ದಾಟಿ ಎಲ್ಲೋ ತಪ್ಪು ಕಾಣಿಸುತ್ತೆ.

ಹಸಿರುಪರದೆ: ಕತ್ತರಿಸೋದು ಮೊದಲು, ಹಾರಿಸೋದು ಆಮೇಲೆ. ನಾನು ಬರೆದ ಕ್ರಮವೂ ಅದೇ, ಓದಿ. ಕತ್ತರಿಸಿದ ಮೇಲೆ ಒಂದೇ ಬೈಟ್ ಉಳಿದರೆ ಹಾರಿಸೋಕೆ ಏನೂ ಇರಲ್ಲ.

ಹೆಕ್ಸ್‌ಡಂಪ್: ಓದಿದೆ. ಕತ್ತರಿಸುವಾಗ ಡೇಟಾ ಒಳಗಿನ ಎಫ್‌ಎಫ್ ಎಫ್‌ಎಫ್ ಜೋಡಿಯನ್ನ ಒಂದು ಮಾಡಬೇಕು ಅಂತ ನೀವು ಬರೆದಿಲ್ಲ. ಟೆಲ್‌ನೆಟ್‌ನಲ್ಲಿ ಡೇಟಾದ ಎಫ್‌ಎಫ್ ಎರಡೆರಡು ಸಲ ಹೋಗುತ್ತೆ. ಡೇಟಾದಲ್ಲಿ ಎಫ್‌ಎಫ್, ಅದರ ಬೆನ್ನಿಗೇ ಇಎಫ್ ಇದ್ದರೆ ತಂತಿ ಮೇಲೆ ಎಫ್‌ಎಫ್ ಎಫ್‌ಎಫ್ ಇಎಫ್ ಅಂತ ಹೋಗುತ್ತೆ. ಬರೀ ಎಫ್‌ಎಫ್ ಇಎಫ್ ಹುಡುಕಿದರೆ ರೆಕಾರ್ಡ್ ನಡುವೆಯೇ ತುಂಡಾಗುತ್ತೆ.

ಬ್ಯಾಚ್‌ವಿಂಡೋ: ಜೋಡಿ ನೋಡು, ಹೆಡರ್ ನೋಡು, ರೆಸ್ಪಾನ್ಸ್ ಬಿಡು, ಸ್ಕ್ರೀನಿಗೊಂದು ಕರ್ಸರ್ ನಿಯಮ ಬರಿ. ಇಷ್ಟು ಸೇರಿದ ಮೇಲೆ ಅದು ರೀಪ್ಲೇ ಅಲ್ಲ, ನೀವೇ ಬರೆದ ಹೋಸ್ಟ್. ನಾನು ಮೊದಲೇ ಹೇಳಿದ್ದೆ.

ಹಸಿರುಪರದೆ: ನೀವು ಹೇಳಿದ್ದು ಹರ್ಕ್ಯುಲಿಸ್. ಮಾತು ಬದಲಾಯಿಸಬೇಡಿ.

ರಾತ್ರಿಪಾಳಿ: ಯಾರೂ ಸಮಯದ ಬಗ್ಗೆ ಹೇಳಲಿಲ್ಲ. ಹೋಸ್ಟ್ ಹಲವು ಸಲ ಎಫ್5 40 ಅಂತ ಪರದೆ ಬರೆದು, ಕೀಬೋರ್ಡ್ ಬಿಡಿಸೋ ಎಫ್1 ಸಿ2ವನ್ನ ಆಮೇಲೆ ಬೇರೆ ರೆಕಾರ್ಡಿನಲ್ಲಿ ಕಳಿಸುತ್ತೆ. ರೀಪ್ಲೇಯಲ್ಲಿ ಎರಡೂ ಒಂದೇ ಉಸಿರಿಗೆ ಹೋದರೆ, ಪರದೆ ಕಂಡ ತಕ್ಷಣ ಟೈಪ್ ಮಾಡೋ ಕೆಟ್ಟ ಕ್ಲೈಂಟ್ ಕೂಡ ಪಾಸಾಗುತ್ತೆ. ನಡುವೆ 300 ಮಿಲಿಸೆಕೆಂಡ್ ಬಿಟ್ಟು ನೋಡಿ, ಕೀಬೋರ್ಡ್ ಲಾಕ್ ಇರುವಾಗಲೇ ಟೈಪ್ ಮಾಡಿ ಸಿಕ್ಕಿಬೀಳುತ್ತೆ.

ಕೋಬಾಲ್_ಕಾಕಾ: ಸಮಯದ ಮಾತು ಆಮೇಲೆ. ಸೋರ್ಸ್ ನೋಡೀರೇನು ಅಂತ ಕೇಳಿದ್ದೆ, ಉತ್ತರ ಬರಲಿಲ್ಲ.

ಹಸಿರುಪರದೆ: ಸೋರ್ಸ್ ಬೇಕಾಗೇ ಇಲ್ಲ. ರೆಕಾರ್ಡಿನಲ್ಲಿ ಫೀಲ್ಡ್ ಡೇಟಾ ಇದ್ದರೆ ಕರ್ಸರ್ ಬಿಡೋದು, ಎಐಡಿ ಮತ್ತೆ ಕರ್ಸರ್ ಮಾತ್ರ ಇದ್ದರೆ ಕರ್ಸರನ್ನೂ ಹೋಲಿಸೋದು. ನಾಲ್ಕು ಸಾಲಿನ ಕೋಡ್. ನಿಮ್ಮ ಎಂಟನೇ ಸಾಲು, ಹನ್ನೆರಡನೇ ಸಾಲು ಬೇರೆಬೇರೆ ಆಗುತ್ತೆ, ನನ್ನ ಎ1047ಕ್ಕೂ ತೊಂದರೆ ಇಲ್ಲ. ಮೂಲ ನಿಯಮ ಅದೇ, ಸ್ವಲ್ಪ ಬಿಡಿಸಿ ಹೇಳಿದೆ ಅಷ್ಟೆ.

ಕೋಬಾಲ್_ಕಾಕಾ: 'ಫೀಲ್ಡ್ ಡೇಟಾ ಇದ್ದರೆ' ಅಂದ್ರಿ. ಬಿಎಂಎಸ್ ಮ್ಯಾಪಿನಾಗ (ಸಿಐಸಿಎಸ್ ಸ್ಕ್ರೀನಿನ ವಿನ್ಯಾಸ) ಎಫ್‌ಸೆಟ್ ಹಾಕಿದ ಫೀಲ್ಡ್ ಇದ್ರ ಅದರ ಎಂಡಿಟಿ (ಫೀಲ್ಡ್ ಬದಲಾಗೈತಿ ಅನ್ನೋ ಗುರುತು) ಮೊದಲೇ ಏರಿರ್ತೈತಿ. ಯಾರೂ ಏನೂ ಟೈಪ್ ಮಾಡದಿದ್ರೂ ಡೇಟಾ ವಾಪಸ್ ಬರ್ತೈತಿ. ಲಿಸ್ಟ್ ಸ್ಕ್ರೀನಿನಾಗ ಪುಟದ ಸಂಖ್ಯೆನೋ, ಕೀಲಿನೋ ಹಂಗ ಬಚ್ಚಿಟ್ಟಿರ್ತಾರ. ಎಂಟನೇ ಸಾಲಿಗೂ ಹನ್ನೆರಡನೇ ಸಾಲಿಗೂ ಅದೇ ಡೇಟಾ ಬರ್ತೈತಿ, ನಿಮ್ಮ ನಾಲ್ಕು ಸಾಲಿನ ಕೋಡ್ ಕರ್ಸರ್ ಬಿಡ್ತೈತಿ. ಮತ್ತ ಅದೇ ತಪ್ಪು ಗ್ರಾಹಕ.

ಹಸಿರುಪರದೆ: ಎಫ್‌ಸೆಟ್ ಇರೋ ಲಿಸ್ಟ್ ಸ್ಕ್ರೀನಿನ ಟ್ರೇಸ್ ಒಂದು ಹಾಕಿ, ಪಾಸ್‌ವರ್ಡ್ ತೆಗೆದು. ಹೋಸ್ಟ್ ಕಳಿಸಿದ ಎಸ್‌ಎಫ್ (ಫೀಲ್ಡ್ ಶುರು ಅನ್ನೋ ಆದೇಶ) ಆದ ಮೇಲಿನ ಗುಣದ ಬೈಟಿನಲ್ಲೇ ಎಂಡಿಟಿ ಕಾಣುತ್ತೆ. ಆ ಫೀಲ್ಡುಗಳನ್ನ ಎಣಿಕೆಯಿಂದ ತೆಗೆದು ಓಡಿಸಿ ತೋರಿಸ್ತೀನಿ.

ಕೋಬಾಲ್_ಕಾಕಾ: ಹಾಕ್ತೀನಿ. ಎಸ್‌ಎಫ್ ಅಷ್ಟೇ ಅಲ್ಲ, ಅದರ ವಿಸ್ತರಿಸಿದ ರೂಪ ಎಸ್‌ಎಫ್‌ಇ, ಅಂದ್ರ 29ರ ಒಳಗ ಸಿ0 ಜೋಡಿನೂ (ಫೀಲ್ಡಿನ ಗುಣ ಹೇಳೋದು) ನೋಡ್ರಿ. ಬಣ್ಣದ ಮ್ಯಾಪಿನಾಗ ಎಂಡಿಟಿ ಅಲ್ಲಿರ್ತೈತಿ.