ಮಳೆಮಾಪಕ ಇಲ್ಲದೆ ಟೆಸ್ಟ್ ಓಡುತ್ತಿಲ್ಲ, ಕ್ಲಾಸ್‌ಗಳನ್ನು ಬಿಡಿಸೋದು ಹೇಗೆ?

ಪೊನ್ನಂಪೇಟೆ_ತೋಟ:
ನಮಸ್ಕಾರ. ನಮ್ಮ ಕಾಫಿ ತೋಟದ ಮಳೆ ಬರೆದಿಡೋಕೆ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಮಾಡಿದ್ದೇನೆ. ‘ಮಳೆಲೆಕ್ಕ’ ಕ್ಲಾಸ್‌ನ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ತಯಾರಾಗುವಾಗ ಓಡೋ ಭಾಗ) ಒಳಗೇ ಈ ಸಾಲು ಇದೆ:

ಸೆಲ್ಫ್.ಮಾಪಕ = ಟಿಪ್ಪಿಂಗ್‌ಬಕೆಟ್(ಪೋರ್ಟ್)

ಟಿಪ್ಪಿಂಗ್ ಬಕೆಟ್ ಅಂದರೆ ಒಳಗಿನ ಪುಟ್ಟ ಬಕೆಟ್ ತುಂಬಿದಾಗಲೆಲ್ಲ ಮಗುಚಿ ಮಳೆ ಎಣಿಸೋ ಮಾಪಕ. ಈ ಸಾಲು ಓಡಿದ ಕೂಡಲೇ ಅದರ ವೈರ್ ಸೇರೋ ಸೀರಿಯಲ್ ಪೋರ್ಟ್ ತೆರೆಯುತ್ತದೆ. ಮಾಪಕ ಇರೋದು ಕಣದ ಹತ್ತಿರದ ಗೋಡೌನ್ ಕಂಪ್ಯೂಟರ್‌ಗೆ. ಹಾಗಾಗಿ ಮನೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ಟೆಸ್ಟೂ ಓಡಲ್ಲ. ಈಗ ಪಕ್ಕದ ತೋಟದ ಮಾವನಿಗೂ ಇದೇ ಬೇಕಂತೆ. ಅವರದು ಕೈಯಲ್ಲಿ ಅಳೆಯೋ ಮಾಪಕ, ಇಂಚು-ಸೆಂಟ್ ಲೆಕ್ಕ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್). ಅದಕ್ಕೆ ಹಾಕಿದ ಇಫ್-ಎಲ್ಸ್ ಈಗ ಮೂರು ಕ್ಲಾಸ್‌ಗೆ ಹರಡಿದೆ. ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬರೋದ್ರೊಳಗೆ ಸರಿ ಮಾಡಬೇಕು.

ಮಡಿಕೇರಿ_ಕೋಡ್:
ತೊಂದರೆ ಆ ಸಾಲಿನಲ್ಲೇ ಇದೆ. ಮಳೆಲೆಕ್ಕಕ್ಕೆ ಬೇಕಾಗಿರೋದು ಎಷ್ಟು ಮಿಲಿಮೀಟರ್ ಬಂತು ಅನ್ನೋದು ಮಾತ್ರ. ಯಾವ ಮಾಪಕ, ಯಾವ ಪೋರ್ಟ್ ಅಂತ ಅದಕ್ಕೆ ಯಾಕೆ ಗೊತ್ತಿರಬೇಕು? ಮಾಪಕವನ್ನು ಹೊರಗಿನಿಂದ ಕೊಡಿ:

ಮಳೆಲೆಕ್ಕ(ಮಾಪಕ)

ಡಿಪೆಂಡೆನ್ಸಿ ಇಂಜೆಕ್ಷನ್ ಅಂದರೆ ಇಷ್ಟೇ. ಇಷ್ಟು ಚಿಕ್ಕ ಪ್ರೋಗ್ರಾಂಗೆ ಫ್ರೇಮ್‌ವರ್ಕ್ ಬೇಡ. ಎರಡೂ ಮಾಪಕಗಳಿಗೆ ‘ಮಿಮೀ_ಓದು’ ಅನ್ನೋ ಒಂದೇ ಮೆಥಡ್ ಇರಲಿ. ಹಿಂದಿನ ಸಲ ಓದಿದ ಮೇಲೆ ಬಿದ್ದ ಮಳೆಯನ್ನು ಅದು ಕೊಡಲಿ. ಇಂಚನ್ನು 25.4ರಿಂದ ಗುಣಿಸೋ ಕೆಲಸ ಕೈಮಾಪಕದ ಕ್ಲಾಸ್ ಒಳಗೇ ಮುಗಿಯಲಿ. ಟೆಸ್ಟ್‌ಗೆ ಸುಮ್ನೆ 35.56 ಕೊಡೋ ಒಂದು ಸುಳ್ಳು ಮಾಪಕ ಮಾಡಿ. ವರದಿಯಲ್ಲಿ 1 ಇಂಚು 40 ಸೆಂಟ್ ಬರಬೇಕು.

ಇಫ್-ಎಲ್ಸ್ ಪೂರ್ತಿ ಹೋಗಲ್ಲ, ಒಂದು ಕಡೆ ಸೇರುತ್ತದೆ. ‘ಮಾಪಕ_ಮಾಡು’ ಅಂತ ಒಂದು ಫ್ಯಾಕ್ಟರಿ ಫಂಕ್ಷನ್ ಬರೆದು, ಅಲ್ಲಿ ಹಾಕಿ. ಕಾನ್ಫಿಗ್ (ಸೆಟ್ಟಿಂಗ್ ಫೈಲ್) ನೋಡಿ ಸರಿಯಾದ ಮಾಪಕ ಮಾಡಿಕೊಡೋದು ಅದರ ಕೆಲಸ.

ಪೊನ್ನಂಪೇಟೆ_ತೋಟ:
ಟೆಸ್ಟ್ ಓಡಿತು, ತುಂಬಾ ಥ್ಯಾಂಕ್ಸ್ ಅಣ್ಣ! ಇನ್ನೊಂದು ಇದೆ. ಕಂಪ್ಯೂಟರ್ ಯುಪಿಎಸ್‌ನಲ್ಲಿದೆ, ಮಾಪಕ ಇಲ್ಲ. ಕರೆಂಟ್ ಹೋಗಿ ಬಂದರೆ ಪೋರ್ಟ್ ಸತ್ತಿರುತ್ತದೆ. ಮೊದಲು ಮಳೆಲೆಕ್ಕವೇ ಹೊಸ ಮಾಪಕ ಮಾಡಿಕೊಳ್ಳುತ್ತಿತ್ತು. ಈಗ ಕೊಟ್ಟಿರೋದು ಒಂದೇ ಅಲ್ವಾ?

ಮಡಿಕೇರಿ_ಕೋಡ್:
ಹಾಗಿದ್ದರೆ ಫ್ಯಾಕ್ಟರಿಯನ್ನೇ ಕೊಟ್ಟುಬಿಡಿ:

ಮಳೆಲೆಕ್ಕ(ಮಾಪಕ_ಮಾಡು)

‘ಮಾಪಕ_ಮಾಡು’ ಮುಂದೆ ಇನ್ನೊಂದು ಜೋಡಿ ಬ್ರಾಕೆಟ್ ಹಾಕಬೇಡಿ. ಹಾಕಿದರೆ ಫಂಕ್ಷನ್ ಬದಲು ಆಗಲೇ ತಯಾರಾದ ಮಾಪಕ ಹೋಗುತ್ತದೆ. ಓದುವಾಗ ಎರರ್ ಬಂದರೆ ಮಳೆಲೆಕ್ಕ ಆ ಫಂಕ್ಷನ್ ಅನ್ನು ಮತ್ತೆ ಕರೆದು ಹೊಸ ಮಾಪಕ ಪಡೆಯಲಿ.

ಆದರೆ ಬಕೆಟ್ ಎಷ್ಟು ಸಲ ಮಗುಚಿತು ಅನ್ನೋ ದಿನದ ಎಣಿಕೆ ಎಲ್ಲಿದೆ, ಮೊದಲು ನೋಡಿ. ಮಾಪಕದ ಆಬ್ಜೆಕ್ಟ್‌ನಲ್ಲಿದ್ದರೆ ಹೊಸದು ಬಂದಾಗಲೆಲ್ಲ ಸೊನ್ನೆಯಿಂದ ಶುರು. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆ ತಿಂಗಳು) ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ, ನಿಮಗೇ ಗೊತ್ತು. ದಿನದ ಮೊತ್ತ ಮಳೆಲೆಕ್ಕದಲ್ಲೇ ಇರಲಿ.

ಪೊನ್ನಂಪೇಟೆ_ತೋಟ:
ಎಣಿಕೆ ಮಾಪಕದಲ್ಲೇ ಇತ್ತು! ಹೋದ ಮಳೆಗಾಲ ಪೂರ್ತಿ ನಮ್ಮ ಲೆಕ್ಕ ಮಾವನ ಪುಸ್ತಕಕ್ಕಿಂತ ಕಮ್ಮಿ ಬರುತ್ತಿದ್ದದ್ದು ಇದಕ್ಕೇ. ಇವತ್ತೇ ಬದಲಾಯಿಸುತ್ತೇನೆ.