ಅಪ್‌ಡೇಟ್: ಮಗಳಿಗೆ ಪ್ರತಿ ತಿಂಗಳೂ ರಕ್ತ ಏಕೆ ಎಂಬ ನನ್ನ ಪ್ರಶ್ನೆ

ಸಿಕಲ್ ಸೆಲ್ ಅನೀಮಿಯಾ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ) ಇರುವ ನಮ್ಮ ಏಳು ವರ್ಷದ ಮಗಳು ಆಡಿಕೊಂಡು ಚೆನ್ನಾಗಿಯೇ ಇರುವಾಗ ಪ್ರತಿ ತಿಂಗಳೂ ರಕ್ತ ಏಕೆ ಕೊಡಿಸಬೇಕೆಂದು ನಾಲ್ಕು ತಿಂಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞನಾಗಿದ್ದೇನೆ.

ರಕ್ತ ಹರಿಯುವ ವೇಗವನ್ನು ಶಬ್ದತರಂಗಗಳಿಂದ ಅಳೆಯುವ ಡಾಪ್ಲರ್ ಪರೀಕ್ಷೆಯಲ್ಲಿ ಅವಳ ಮಿದುಳಿನ ರಕ್ತನಾಳದ ಹರಿವು ಅಪಾಯದ ಮಟ್ಟವಾದ ಸೆಕೆಂಡಿಗೆ 200 ಸೆಂಟಿಮೀಟರ್ ದಾಟಿತ್ತು. ರಭಸವಾಗಿ ಹರಿದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡಿದ್ದ ನನ್ನ ತಿಳಿವಳಿಕೆ ತಪ್ಪಾಗಿತ್ತು. ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ ಕಡಿಮೆ ಇರುವುದರಿಂದ ಮಿದುಳು ಹೆಚ್ಚು ರಕ್ತವನ್ನು ಸೆಳೆದುಕೊಳ್ಳುವುದಲ್ಲದೆ, ಬಂದ ರಕ್ತದಿಂದ ಆಮ್ಲಜನಕದ ಹೆಚ್ಚಿನ ಪಾಲನ್ನೂ ಹೀರಿಕೊಳ್ಳುತ್ತದೆ. ಹೀಗೆ ಮೀಸಲು ಶಕ್ತಿಯೆಲ್ಲ ಮೊದಲೇ ಖರ್ಚಾಗಿರುವಾಗ ಜ್ವರ ಬಂದು ಹಿಮೋಗ್ಲೋಬಿನ್ ಇನ್ನಷ್ಟು ಇಳಿದರೆ ಪಾರ್ಶ್ವವಾಯುವಿನ ಅಪಾಯ ಎದುರಾಗುತ್ತದೆ. ರಕ್ತ ಕೊಟ್ಟ ಬಳಿಕ ಈ ಎರಡು ಒತ್ತಡಗಳೂ ತಗ್ಗುವುದನ್ನು ಎಂಆರ್‌ಐ ಅಧ್ಯಯನಗಳು ತೋರಿಸಿವೆ. ಇಂಥ ಮಕ್ಕಳಲ್ಲಿ ನಿಯಮಿತ ರಕ್ತಪೂರಣವು ಮೊದಲ ಪಾರ್ಶ್ವವಾಯುವಿನ ಅಪಾಯವನ್ನು ಶೇ. 92ರಷ್ಟು ತಗ್ಗಿಸಿತೆಂದು 1998ರಲ್ಲಿ ಪ್ರಕಟವಾದ ಅಮೆರಿಕದ ‘ಸ್ಟಾಪ್’ ಅಧ್ಯಯನ ಹೇಳಿತ್ತು.

ಆದ್ದರಿಂದ ಒಪ್ಪಿಕೊಂಡೆವು. ತಿಂಗಳಿಗೊಮ್ಮೆ, ಟ್ರಾಫಿಕ್ ಶುರುವಾಗುವ ಮೊದಲೇ ಯಲಹಂಕದಿಂದ ಹೊರಡುತ್ತೇವೆ. ರಕ್ತಕಣ ಬಾಗಲು ಕಾರಣವಾಗುವ ಸಿಕಲ್ ಹಿಮೋಗ್ಲೋಬಿನ್ ಪ್ರಮಾಣವನ್ನು ಶೇ. 30ಕ್ಕಿಂತ ಕೆಳಗಿಡುವುದು ಗುರಿ. ಬರೀ ರಕ್ತದ ಗುಂಪು ಹೊಂದಿದರೆ ಸಾಲದು, ಕೆಂಪು ರಕ್ತಕಣಗಳ ಮೇಲಿರುವ ಸಿ, ಇ, ಕೆಲ್ ಎಂಬ ಗುರುತುಗಳೂ (ಪ್ರತಿಜನಕಗಳು) ಹೊಂದಬೇಕು ಎಂಬುದನ್ನು ನನಗೆ ಮೊದಲು ಯಾರೂ ಹೇಳಿರಲಿಲ್ಲ. ಕಳೆದ ವಾರ ವೇಗ 172ಕ್ಕೆ ಇಳಿದಿದೆ.

ಇನ್ನುಳಿದ ಚಿಂತೆ ಪದೇ ಪದೇ ರಕ್ತ ಪಡೆಯುವುದರಿಂದ ದೇಹದಲ್ಲಿ ಸೇರುವ ಕಬ್ಬಿಣಾಂಶದ್ದು. ಅದನ್ನು ಅಂದಾಜಿಸುವ ಫೆರಿಟಿನ್ ಎಂಬ ರಕ್ತ ಪರೀಕ್ಷೆ ನಡೆಯುತ್ತಿದೆ. ಕನಿಷ್ಠ ಒಂದು ವರ್ಷ ರಕ್ತ ಕೊಟ್ಟ ಮೇಲೆ, ರಕ್ತನಾಳಗಳು ತೀವ್ರವಾಗಿ ಕಿರಿದಾಗಿರದಿದ್ದರೆ, ರಕ್ತದ ಬದಲು ಈ ಕಾಯಿಲೆಗೇ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆಗೆ ಬದಲಾಯಿಸುವ ಬಗ್ಗೆ ಯೋಚಿಸೋಣವೆಂದು ವೈದ್ಯರು ಹೇಳಿದ್ದಾರೆ.