ಮಲ್ಪೆ ಬಂದರಿನಲ್ಲಿ ಸುಮ್ನೆ ಓಡಾಡಬಹುದಾ? ಯಾವ ಹೊತ್ತು ಒಳ್ಳೇದು?

ಚಳ್ಳಕೆರೆ ಮೇಷ್ಟ್ರು:
ದಸರಾ ರಜೆಯಲ್ಲಿ ಅಪ್ಪನನ್ನು ಕರೆದುಕೊಂಡು ಉಡುಪಿಗೆ ಬರುತ್ತಿದ್ದೇನೆ. ಅಪ್ಪ ಜೀವನವಿಡೀ ಶೇಂಗಾ ಬೆಳೆದವರು, ಸಮುದ್ರ ನೋಡಿಲ್ಲ. ಬೀಚಿನಲ್ಲಿ ಕೂತು ಏನು ಮಾಡೋದು, ಮೀನು ಇಳಿಸುವ ಜಾಗ ತೋರಿಸು ಅನ್ನುತ್ತಾರೆ. ಮಲ್ಪೆ ಬಂದರಿನೊಳಗೆ ಹೊರಗಿನವರನ್ನು ಬಿಡುತ್ತಾರಾ? ಎಷ್ಟು ಹೊತ್ತಿಗೆ ಹೋಗಬೇಕು? ಅಪ್ಪನಿಗೆ ಮಂಡಿ ನೋವು, ಜಾಸ್ತಿ ನಡೆಯಲಾರರು.

ಮಲ್ಪೆಯವಳು:
ಧಾರಾಳ ಬನ್ನಿ ಸರ್. ನಿಮ್ಮ ಅಪ್ಪನ ಮಾತು ಓದಿ ತುಂಬಾ ಖುಷಿಯಾಯಿತು. ಇಲ್ಲಿಗೆ ಬಂದವರು ಬೀಚ್ ನೋಡುತ್ತಾರೆ, ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುತ್ತಾರೆ, ಊಟ ಮಾಡಿ ಹೊರಡುತ್ತಾರೆ. ನಮ್ಮ ಊರಿನ ಒಲೆ ಉರಿಯುವುದು ಬಂದರಿನಿಂದ. ನನ್ನ ಅಮ್ಮ ಅಲ್ಲಿ ಮೀನು ಕೊಂಡು ಉಡುಪಿಗೆ ಒಯ್ದು ಮಾರುತ್ತಿದ್ದರು. ಆ ದುಡ್ಡಿನಲ್ಲೇ ನಾವು ಓದಿದ್ದು.

ಬೆಳಕು ಹರಿಯುವ ಮೊದಲೇ ಬಂದುಬಿಡಿ. ಒಂಬತ್ತು ಗಂಟೆಗೆ ಬಂದರೆ ಅರ್ಧ ಕೆಲಸ ಮುಗಿದಿರುತ್ತದೆ. ಉಡುಪಿಯಿಂದ ಐದಾರು ಕಿಲೋಮೀಟರ್ ಅಷ್ಟೇ, ಆ ಹೊತ್ತಿಗೆ ಆಟೋ ಹಿಡಿಯುವುದು ಒಳ್ಳೇದು.

ಮೊದಲು ಏಲಂ, ಅಂದರೆ ಮೀನಿನ ಹರಾಜು, ನಡೆಯುವಲ್ಲಿಗೆ ಕರೆದುಕೊಂಡು ಹೋಗಿ. ಮಂಡಿ ವ್ಯಾಪಾರ ಕಂಡ ರೈತರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಬಲೆ ಎಳೆದುಕೊಂಡು ಹೋಗಿ ಮೀನು ಹಿಡಿಯುವ ಆಳಸಮುದ್ರದ ಟ್ರಾಲ್ ಬೋಟುಗಳು ಒಮ್ಮೆ ಹೋದರೆ ಎಂಟು ಹತ್ತು ದಿನ ಕಡಲಲ್ಲೇ ಇರುತ್ತವೆ. ಹಿಡಿದ ಮೀನನ್ನು ಬೋಟಿನ ಹೊಟ್ಟೆಯಲ್ಲಿ ಮಂಜುಗಡ್ಡೆ ಹಾಕಿ ಇಟ್ಟಿರುತ್ತಾರೆ. ದಕ್ಕೆಗೆ (ಬೋಟು ನಿಲ್ಲಿಸುವ ಕಟ್ಟೆಗೆ) ಬಂದಮೇಲೆ ಬುಟ್ಟಿ ಬುಟ್ಟಿಯಾಗಿ ಮೇಲೆ ಬರುತ್ತದೆ. ಬೊಂಡಾಸ್, ಮದಿಮಲ್, ಪಾಂಬೋಲ್, ಅಂಜಲ್ ಎಲ್ಲ ಬೇರೆ ಬೇರೆ ರಾಶಿ. ತೀರಾ ಸಣ್ಣ ಮೀನು ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಯ ಲಾರಿಗೆ ಹೋಗುತ್ತದೆ. ಬೆಳೆಯಬೇಕಿದ್ದ ಮರಿಗಳೂ ಅದರಲ್ಲಿ ಇರುತ್ತವೆ. ಅದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಏಲಂನಲ್ಲಿ ಹೆಂಗಸರನ್ನು ಗಮನಿಸಿ. ಒಬ್ಬರಿಗೇ ದೊಡ್ಡ ರಾಶಿ ಕೊಳ್ಳಲು ಆಗುವುದಿಲ್ಲ. ಮೂರು ನಾಲ್ಕು ಜನ ಸೇರಿ ಕೂಗುತ್ತಾರೆ. ಕೊಂಡಮೇಲೆ ಅಲ್ಲೇ ನೆಲದ ಮೇಲೆ ಪಾಲು. ದೊಡ್ಡದೊಂದು ಈ ಕಡೆ, ಸಣ್ಣದೆರಡು ಆ ಕಡೆ, ತಕ್ಕಡಿ ಇಲ್ಲದೆ ಬರೀ ಕೈ ಅಂದಾಜಿನಲ್ಲಿ. ಅಮ್ಮನ ಪಾಲಿನ ಬಗ್ಗೆ ಯಾರೂ ಜಗಳ ತೆಗೆದದ್ದು ನಾನು ಕಂಡಿಲ್ಲ.

ಆಮೇಲೆ ಬಲೆ ಹೆಣೆಯುವವರ ಹತ್ತಿರ ಬನ್ನಿ. ಅಲ್ಲಿ ನೆರಳಿದೆ, ಅಪ್ಪ ಕೂತು ನೋಡಬಹುದು. ಹರಿದ ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದುಕೊಳ್ಳುತ್ತಾರೆ. ನೂಲು ಸುತ್ತಿದ ಚಪ್ಪಟೆ ಸೂಜಿ ಬಲೆಯ ಕಣ್ಣಿನೊಳಗೆ ಹೋಗಿ, ಬಳಸಿ ಬಂದು, ಗಂಟು ಬೀಳುತ್ತದೆ. ಮಾತು ಪಕ್ಕದವರ ಜತೆ, ಕೈ ಅದರ ಪಾಡಿಗೆ. ಹರಿದ ಜಾಗ ಯಾವುದಿತ್ತು ಅಂತ ಆಮೇಲೆ ಹುಡುಕಿದರೂ ಸಿಗುವುದಿಲ್ಲ.

ಒಂದು ವಿಷಯ ಕೈಮುಗಿದು ಹೇಳುತ್ತೇನೆ. ದಾರಿಗೆ ಅಡ್ಡ ನಿಲ್ಲಬೇಡಿ. ಕೈಗಾಡಿ, ಲಾರಿ, ತಲೆಮೇಲೆ ಬುಟ್ಟಿ ಹೊತ್ತವರು ಯಾರೂ ಥಟ್ಟನೆ ನಿಲ್ಲಲು ಆಗುವುದಿಲ್ಲ. ನೆಲ ಜಾರುತ್ತದೆ, ಅಪ್ಪನಿಗೆ ಹಿಡಿತ ಇರುವ ಚಪ್ಪಲಿ ಹಾಕಿಸಿ. ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ. ಹೊರಟ ಬೋಟಿನ ಮುಂದೆ ನಿಂತು ರೀಲ್ಸ್ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2018ರ ಡಿಸೆಂಬರ್‌ನಲ್ಲಿ ಇದೇ ಬಂದರಿನಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ವಾಪಸ್ ಬರಲಿಲ್ಲ. ಏಳು ಮಂದಿ ಇದ್ದರು, ನಮ್ಮ ಕಡೆಯವರೂ ಉತ್ತರ ಕನ್ನಡದವರೂ. 2019ರ ಮೇ ತಿಂಗಳಲ್ಲಿ ನೌಕಾಪಡೆಗೆ ಮಹಾರಾಷ್ಟ್ರದ ಮಾಲ್ವಣ್ ಕಡೆ ಸಮುದ್ರದಡಿ ಅದರ ಅವಶೇಷ ಸಿಕ್ಕಿತು. ಬೋಟ್ ಹೊರಡುವಾಗ ದಡದಲ್ಲಿ ನಿಂತವರ ಮನಸ್ಸಿನಲ್ಲಿ ಇದೆಲ್ಲ ಇರುತ್ತದೆ ಸರ್.

ಗಂಗೊಳ್ಳಿ ಭಂಡಾರಿ:
ಅಕ್ಕ ಹೇಳಿದ್ದು ಸರಿ. ಬೇರೆಯವರಿಗೂ ಉಪಯೋಗವಾಗಲಿ ಅಂತ ಸೇರಿಸುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮೀನು ಮೊಟ್ಟೆ ಇಡುವ ಕಾಲ ಅದು. ಆಗ ಬೋಟುಗಳೆಲ್ಲ ಒತ್ತೊತ್ತಾಗಿ ಕಟ್ಟಿರುತ್ತವೆ, ಏಲಂ ಗೌಜಿ ಇರುವುದಿಲ್ಲ. ನಾಡದೋಣಿಯವರು ಮಾತ್ರ ಕಡಲು ನೋಡಿಕೊಂಡು ಇಳಿಯುತ್ತಾರೆ. ದಸರಾ ಹೊತ್ತಿಗೆ ಬಂದರೆ ಚಿಂತೆ ಇಲ್ಲ.

ಚಳ್ಳಕೆರೆ ಮೇಷ್ಟ್ರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಪಾಲು ಹಾಕುವುದನ್ನು ನೋಡಲೇಬೇಕಂತೆ. ಅವರದು ಇನ್ನೆರಡು ಪ್ರಶ್ನೆ: ಬೋಟು ಕಡಲಿಗೆ ಇಳಿಯುವುದು ಎಲ್ಲಿಂದ ಚೆನ್ನಾಗಿ ಕಾಣುತ್ತದೆ? ಮನೆಗೆ ಸ್ವಲ್ಪ ಮೀನು ಒಯ್ಯಬಹುದಾ?

ಮಲ್ಪೆಯವಳು:
ಸೀ ವಾಕ್‌ಗೆ ಕರೆದುಕೊಂಡು ಬನ್ನಿ. ನದಿ ಕಡಲು ಸೇರುವಲ್ಲಿ ಕಲ್ಲಿನ ತಡೆಗೋಡೆಯ ಮೇಲೆ ಕಟ್ಟಿದ ನಡೆದಾಡುವ ದಾರಿ ಅದು. ಬಂದರಿನ ಬೋಟುಗಳು ಅದರ ಪಕ್ಕದಲ್ಲೇ ಹೋಗಿ ಬರುತ್ತವೆ. ಸಂಜೆ ಹೋಗಿ, ಬಿಸಿಲು ಇರುವುದಿಲ್ಲ. ಸಮತಟ್ಟಾಗಿದೆ, ನಿಧಾನಕ್ಕೆ ನಡೆದರೆ ಮಂಡಿಗೆ ತೊಂದರೆ ಆಗಲಾರದು. ಬೆಳಗ್ಗೆ ಬಂದರು, ಮಧ್ಯಾಹ್ನ ವಿಶ್ರಾಂತಿ, ಸಂಜೆ ಇಲ್ಲಿ. ಎರಡನ್ನೂ ಒಟ್ಟಿಗೆ ಮಾಡಿಸಬೇಡಿ.

ಮೀನು ಒಯ್ಯುವುದಾದರೆ ಬಂಗುಡೆ ತೆಗೆದುಕೊಳ್ಳಿ. ಕಿವಿರು ಕೆಂಪಗಿರಬೇಕು, ಕಣ್ಣು ತಿಳಿಯಾಗಿರಬೇಕು, ಹೊಟ್ಟೆ ಒತ್ತಿದರೆ ಗಟ್ಟಿ ಸಿಗಬೇಕು. ಕೂತು ಮಾರುವ ಹೆಂಗಸರ ಹತ್ತಿರವೇ ಕೊಳ್ಳಿ, ದೂರ ಹೋಗಬೇಕು ಅಂತ ಮೊದಲೇ ಹೇಳಿ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕೆಳಗೊಂದು ಪದರ, ಮೇಲೊಂದು ಪದರ ಐಸ್ ಹಾಕಿಸಿ, ನೀರು ಸೋರದ ಹಾಗೆ ಟೇಪ್ ಸುತ್ತಿಸಿ. ಹೊರಡುವ ದಿನವೇ ಕೊಳ್ಳಿ, ಬಸ್ಸಿನವರಿಗೂ ಮೊದಲೇ ತಿಳಿಸಿಬಿಡಿ.